ಕಾಳನ ಬಟ್ಟಲಿಗೆ ಕಡಂಬುಟ್ಟು

ನಮ್ಮ ನಾಯಿ ಕಾಳನ ಕಿಡ್ನಿ ಸೋತಿದೆ, ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ 3.6, ಫಾಸ್ಫರಸ್ 7ರ ಮೇಲೆ ಅಂತ ರಿಪೋರ್ಟ್ ಬಂದಾಗ ತೋಟದ ಲೈನ್‌ಮನೆಯವರಿಂದ ಹಿಡಿದು ವಿರಾಜಪೇಟೆಯ ನೆಂಟರವರೆಗೆ ಎಲ್ಲರದೂ ಒಂದೇ ಮಾತು: "ವಯಸ್ಸಾಯ್ತಲ್ಲ, ಇನ್ನು ಎಷ್ಟು ದಿನ?" ಅದಾಗಿ ಹದಿನಾಲ್ಕು ತಿಂಗಳು. ಇವತ್ತು ಬೆಳಿಗ್ಗೆಯೂ ಕಣಕ್ಕೆ ನುಗ್ಗಿದ ಕೋತಿಗಳನ್ನು ಓಡಿಸಿ ಬಂದಿದ್ದಾನೆ.

ಮೊದಲು ಕಿಡ್ನಿ ಕಾಯಿಲೆಯ ಪ್ಯಾಕೆಟ್ ಆಹಾರ ತಂದೆ. ಎರಡು ಕಿಲೋಗೆ ಎರಡು ಸಾವಿರದ ಹತ್ತಿರ. ಹದಿನೆಂಟು ಕಿಲೋ ನಾಯಿಗೆ ತಿಂಗಳಿಗೆ ಮೂರು ಚೀಲಕ್ಕಿಂತ ಹೆಚ್ಚೇ ಬೇಕು. ನಾಲ್ಕನೇ ದಿನ ಮೂಸಿ ಎದ್ದು ಹೋದ. ಆ ದುಡ್ಡು ಹೋಯಿತು.

ಆಮೇಲೆ ರಾಗಿ. "ರಾಗಿ ಕೊಡಣ್ಣ, ಶಕ್ತಿ ಬರುತ್ತೆ" ಅನ್ನದವರಿಲ್ಲ. ಒಂದೂವರೆ ತಿಂಗಳು ಗಂಜಿ ಕಾಯಿಸಿದೆ. ಫಾಸ್ಫರಸ್ 8 ದಾಟಿತು. ರಾಗಿಯ ಕ್ಯಾಲ್ಸಿಯಂ ಬಗ್ಗೆ ಎಲ್ಲರೂ ಹೇಳುತ್ತಾರೆ, ಬಿಳಿ ಅಕ್ಕಿಯ ಎರಡರಷ್ಟು ಫಾಸ್ಫರಸ್ ಅದರಲ್ಲಿದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಕೆಂಪಕ್ಕಿಯದೂ ಅದೇ ಕಥೆ, ಫಾಸ್ಫರಸ್ಸಿನ ಹೆಚ್ಚಿನ ಪಾಲು ತೌಡಿನಲ್ಲೇ. ಪಾಲಿಶ್ ಮಾಡಿದ ಅಕ್ಕಿಯೇ ಇಲ್ಲಿ ಔಷಧ. ಗೆಣಸನ್ನು ಆಸೆಯಿಂದ ತಿಂದ, ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ 6ರ ಹತ್ತಿರ ಬಂತು, ಅವತ್ತೇ ನಿಲ್ಲಿಸಿದೆ. ಮರಗೆಣಸನ್ನು ತೆಳ್ಳಗೆ ಹೆಚ್ಚಿ, ಎರಡು ನೀರು ಬಸಿದು ಬೇಯಿಸಿ ನೋಡಿದ್ದೂ ಆಯಿತು. ಪರವಾಗಿಲ್ಲ, ಆದರೆ ಆ ಕೆಲಸಕ್ಕೆ ದಿನಾ ಯಾರಿದ್ದಾರೆ?

ಕೊನೆಗೆ ಕೈ ಹಿಡಿದದ್ದು ನಮ್ಮ ಕೊಡಗಿನ ಕಡಂಬುಟ್ಟು, ಅಂದರೆ ಅಕ್ಕಿ ತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು. ದಿನಕ್ಕೆ ಅಕ್ಕಿ ತರಿ ಸುಮಾರು 150 ಗ್ರಾಂ, ನೆನೆಸಿದ ಸಬ್ಬಕ್ಕಿ ಒಂದು ಹಿಡಿ. ಉಪ್ಪಿಲ್ಲ. ಸಬ್ಬಕ್ಕಿಯಲ್ಲಿ ಫಾಸ್ಫರಸ್ ಇಲ್ಲವೆಂದರೂ ಸರಿ, ಆದರೆ ಬರೀ ಅದನ್ನೇ ಕೊಟ್ಟಾಗ ಅಂಗುಳಿಗೆ ಅಂಟಿಕೊಂಡು ಒದ್ದಾಡಿದ. ಜೊತೆಗೆ ಬೇಯಿಸಿದ ಮೊಟ್ಟೆಯ ಬಿಳಿ ಐದು, ತುಪ್ಪ ಎರಡು ಚಮಚ. ಹಳದಿ ನಮಗೆ. ಫಾಸ್ಫರಸ್ ಹಿಡಿಯುವ ಪುಡಿ ಊಟದ ಜೊತೆಗೇ ಹೊಟ್ಟೆಗೆ ಹೋಗಬೇಕಲ್ಲ, ಉಂಡೆ ಕಟ್ಟುವಾಗಲೇ ನಡುವೆ ಇಡುತ್ತೇನೆ. ಒಂದು ಚೂರೂ ಬಟ್ಟಲಲ್ಲಿ ಉಳಿಯುವುದಿಲ್ಲ. ವಿಟಮಿನ್ ಡಾಕ್ಟರು ಹೇಳಿದಷ್ಟು. ಮೊದಲ ಉಂಡೆಯ ಮೇಲೆ ಒಂದು ವಸ್ತು ಸವರುತ್ತೇನೆ, ಅದರ ವಾಸನೆಗೇ ಓಡಿ ಬರುತ್ತಾನೆ. ಅದೇನೆಂದು ಹೇಳುವುದಿಲ್ಲ, ಮೂರು ತಿಂಗಳು ಹುಡುಕಿ ಕಂಡುಕೊಂಡದ್ದು.

"ಬರೀ ಅನ್ನದಲ್ಲಿ ನಾಯಿ ಬದುಕುತ್ತಾ?" ಅಂತ ಡಾಕ್ಟರೊಬ್ಬರೂ ಕೇಳಿದ್ದರು. ನಾಲ್ಕನೇ ತಿಂಗಳ ರಕ್ತಪರೀಕ್ಷೆಯಲ್ಲಿ ಫಾಸ್ಫರಸ್ 4.8, ಕ್ರಿಯಾಟಿನಿನ್ 2.9. ಕಾಗದವನ್ನು ಎರಡು ಸಲ ಓದಿದರು. ಈಗ ತರಿ, ಸಬ್ಬಕ್ಕಿ, ಮೊಟ್ಟೆ ಎಲ್ಲ ಸೇರಿ ತಿಂಗಳಿಗೆ ಸಾವಿರದ ನಾನೂರು, ಹೆಚ್ಚೆಂದರೆ ಸಾವಿರದೈನೂರು. ಡ್ರಿಪ್ ಹಾಕಿಸಲು ಮಡಿಕೇರಿಗೆ ಓಡುವುದು ನಿಂತಿದೆ.

ಸುಗ್ಗಿಯ ಹಬ್ಬ ಹುತ್ತರಿಯಲ್ಲಿ ಮಾತ್ರ ಒಮ್ಮೆ ಎಡವಿದೆವು. ಬಂದವರೊಬ್ಬರು ಪಂದಿಕರಿಯ (ಹಂದಿ ಸಾರಿನ) ಮೂಳೆ ಹಾಕಿಬಿಟ್ಟರು, ಎರಡು ದಿನ ವಾಂತಿ. ಈ ಸಲ ಹಬ್ಬದ ದಿನ ಅವ್ವ ಅವನನ್ನು ತನ್ನ ಕೋಣೆಯಲ್ಲೇ ಕೂರಿಸಿಕೊಂಡಿದ್ದಳು.