577201: ಶಿವಮೊಗ್ಗದ ಪಿನ್ ಕೋಡನ್ನು ಒಡೆದ ಬಗೆ

ಪಿನ್ ಕೋಡ್ ಅಂಚೆಯವರ ಗುರುತು, ಲೆಕ್ಕಕ್ಕೆಂದು ಮಾಡಿದ್ದಲ್ಲ. ಆದರೂ ಕೈಲೆಕ್ಕದ ಅಭ್ಯಾಸಕ್ಕೆ ಆರಂಕಿ ಹದವಾದ ಗಾತ್ರ. ನಾನು ತೆಗೆದುಕೊಂಡದ್ದು ಶಿವಮೊಗ್ಗದ 577201. ಅದನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಒಡೆಯುವುದೇ ಕೆಲಸ.

ಮೊದಲು ಎಲ್ಲಿಯವರೆಗೆ ಹುಡುಕಬೇಕು ಎಂದು ಗೊತ್ತುಮಾಡಿಕೊಂಡೆ. 760ರ ವರ್ಗ 577600. ಹಾಗಾಗಿ ವರ್ಗಮೂಲ 760ಕ್ಕಿಂತ ತುಸು ಕಡಿಮೆ. ಅಷ್ಟರೊಳಗೆ 134 ಅವಿಭಾಜ್ಯಗಳಿವೆ. 2, 5 ನೋಡಿದೊಡನೆ ಬಿಟ್ಟುಹೋದವು. ಅಂಕಿಗಳ ಮೊತ್ತ 22, ಆದ್ದರಿಂದ 3 ಕೂಡ ಇಲ್ಲ. 7, 11, 13ಕ್ಕೆ ಬೇರೆಬೇರೆ ಭಾಗಾಕಾರ ದಂಡ. ಮೂರರ ಗುಣಲಬ್ಧ 1001, ಹಾಗಾಗಿ ಮೂರು ಮೂರಂಕಿಯಾಗಿ ಒಡೆದು ಕಳೆದರೆ ಸಾಕು: 577 − 201 = 376. ಇದಕ್ಕೆ 7ರ ಶೇಷ 5, 11ರದ್ದು 2, 13ರದ್ದು 12. ಮೂರೂ ಬಿಟ್ಟುಹೋದವು.

17ಕ್ಕೆ ನಾನು ಬಳಸುವುದು 102 ಅನ್ನು. ಅದು 17 × 6. ಆದ್ದರಿಂದ 100ರ ಜಾಗಕ್ಕೆ −2, 10000ದ ಜಾಗಕ್ಕೆ 4 ಇಡಬಹುದು. ಬಲದಿಂದ ಎರಡೆರಡು ಅಂಕಿಯಾಗಿ ಒಡೆದರೆ 57, 72, 01. ಈಗ 57×4 − 72×2 + 1 = 85, ಅಂದರೆ 17×5. ಸಿಕ್ಕಿತು! ಕೈತಪ್ಪುವುದು ಆ ಋಣಚಿಹ್ನೆಯಲ್ಲೇ. ಕಳೆಯುವ ಬದಲು ಕೂಡಿಸಿದರೆ 373 ಬರುತ್ತದೆ, ಅದಕ್ಕೆ 17 ಹೋಗುವುದಿಲ್ಲ. ಆಮೇಲೆ ಇಲ್ಲದ ಕಡೆ ಹುಡುಕುತ್ತ ಕೂರಬೇಕು.

ಭಾಗಲಬ್ಧ 33953. ಮಿತಿ ಈಗ 184ಕ್ಕೆ ಇಳಿಯಿತು. ಹಳೆಯ ಮಿತಿಯನ್ನೇ ಹಿಡಿದು ಸಾಗುವವರು ಸುಮ್ಮನೆ ಕಾಗದ ತುಂಬಿಸುತ್ತಾರೆ. 19ಕ್ಕೆ ಕೊನೆಯ ಅಂಕಿ ಕಿತ್ತು, ಇಮ್ಮಡಿ ಮಾಡಿ, ಉಳಿದದ್ದಕ್ಕೆ ಸೇರಿಸುತ್ತೇನೆ: 3395+6=3401, 340+2=342, 34+4=38. ಹೋಯಿತು, ಉಳಿದದ್ದು 1787, ಮಿತಿ 42. ಸಿಕ್ಕ ಅಪವರ್ತನವನ್ನೇ ಮತ್ತೊಮ್ಮೆ ಹಾಕಿ ನೋಡಲೇಬೇಕು: 33953ಕ್ಕೆ 17ರ ಶೇಷ 4, 1787ಕ್ಕೆ 19ರ ಶೇಷ 1. ಬಾಕಿ 23, 29, 31, 37, 41ಕ್ಕೆ ಶೇಷ 16, 18, 20, 11, 24. ಅಲ್ಲಿಗೆ 1787 ಅವಿಭಾಜ್ಯ.

577201 = 17 × 19 × 1787.

ತಾಳೆಗೆ, ಅಂಕಿಮೊತ್ತದಿಂದ ಸಿಗುವ ಒಂಬತ್ತರ ಶೇಷವನ್ನಷ್ಟೇ ನಂಬಬೇಡಿ. 1787 ಅನ್ನು 1877 ಎಂದು ಬರೆದರೂ ಅಂಕಿಮೊತ್ತ 23ನೇ, ತಪ್ಪು ಸಿಗುವುದಿಲ್ಲ. 11ರ ಶೇಷ ಹಿಡಿಯುತ್ತದೆ: 577201ಕ್ಕೆ 9 ಬರಬೇಕು, ಸರಿಯಾದ ಗುಣಾಕಾರಕ್ಕೆ 9, ತಪ್ಪಿದ್ದಕ್ಕೆ 6.

ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದು ಒಡೆಯುವ, ಗಣಿತಜ್ಞ ಫರ್ಮಾನ ದಾರಿ ಇಲ್ಲಿ ಕೆಲಸಕ್ಕೆ ಬಾರದು. ಅತಿ ಹತ್ತಿರದ ಜೋಡಿಯೇ 323 × 1787. 760ರಿಂದ ಒಂದೊಂದೇ ಏರಿಸುತ್ತ ಹೋದರೆ 296ನೆಯ ಪ್ರಯತ್ನಕ್ಕೆ 1055² − 732² ಸಿಗುತ್ತದೆ. ಅಪವರ್ತನಗಳು ಅಕ್ಕಪಕ್ಕದಲ್ಲಿದ್ದರೆ ಮಾತ್ರ ಆ ದಾರಿ ಚೆಂದ.

ಇನ್ನೊಂದು ಮೋಸ: 4ರಿಂದ ಭಾಗಿಸಿದರೆ ಶೇಷ 1 ಬರುತ್ತದೆಂದು ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಹೊರಡಬೇಡಿ. 19 ಮತ್ತು 1787 ಎರಡಕ್ಕೂ ಶೇಷ 3, ಎರಡೂ ಒಂದೊಂದೇ ಸಲ ಬಂದಿವೆ; ಅಂಥ ಅವಿಭಾಜ್ಯ ಸರಿಸಂಖ್ಯೆಯ ಸಲ ಬಂದಿರಬೇಕಿತ್ತು. ಆಗದು.

ಆಷಾಢದಲ್ಲಿ ಕರೆಂಟ್ ಹೋದ ಸಂಜೆಗೆ ಸಾಗರದ 577401 ಇಟ್ಟುಕೊಳ್ಳಿ. 3, 11 ಚಿಟಿಕೆಯಲ್ಲಿ ಬೀಳುತ್ತವೆ. ಉಳಿಯುವ 17497ಕ್ಕೆ ಮಾತ್ರ 131ರವರೆಗೂ ಭಾಗಿಸಬೇಕು, ಯಾವುದೂ ಹೋಗುವುದಿಲ್ಲ.