ಕೈ ನಡುಗುತ್ತಲೇ ಮುಗಿಸಿದ ಸೆಮಿನಾರ್

ಗದಗ ಹತ್ತಿರದ ಊರಿಂದ ಧಾರವಾಡಕ್ಕೆ ಎಂ.ಎಸ್ಸಿ. ಓದಲು ಬಂದವನು ನಾನು. ಇಲ್ಲಿ ಪ್ರತಿ ಸೆಮಿಸ್ಟರ್‌ಗೂ ಸೆಮಿನಾರ್ ಕೊಡಬೇಕು, ಅದಕ್ಕೆ ಅಂಕವೂ ಇದೆ. ನನ್ನ ಸರದಿ ಹತ್ತಿರ ಬಂದ ಹಾಗೆ ಎದೆ ಡವಡವ, ಬಾಯಿ ಒಣಗುವುದು, ಬೆರಳು ಜುಮುಜುಮು. ಒಮ್ಮೆ ಉಸಿರೇ ಸಿಗದಂತಾಗಿ ಕ್ಲಾಸ್ ಬಿಟ್ಟು ಹೊರಗೆ ಬಂದೆ. ಹಾರ್ಟ್ ಅಟ್ಯಾಕ್ ಅಂತಲೇ ಅನಿಸಿತ್ತು. ಇಸಿಜಿ ನಾರ್ಮಲ್ ಬಂತು. ‘ಡಿಮ್ಹಾನ್ಸ್‌ಗೆ ಹೋಗಿ ಬಾ’ ಅಂದರು ಡಾಕ್ಟರ್.

ಡಿಮ್ಹಾನ್ಸ್ ಅಂದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ. ನಮ್ಮ ಕಡೆ ಹಿರಿಯರ ಬಾಯಲ್ಲಿ ಅದು ಇನ್ನೂ ಹುಚ್ಚಾಸ್ಪತ್ರೆ. ಮನೆಯಲ್ಲಿ ಹೇಳದೆ ಹೋದೆ. ಚೀಟಿ ಮಾಡಿಸಲು ನಿಂತವರಲ್ಲಿ ನನ್ನ ವಯಸ್ಸಿನವರೇ ಎಷ್ಟೋ ಜನ ಇದ್ದರು.

ಅಲ್ಲಿ ತಿಳಿದ ಒಂದು ಮಾತು ನನಗೆ ಬಹಳ ಕೆಲಸಕ್ಕೆ ಬಂತು. ಹೆದರಿದಾಗ ನಾವು ಜೋರಾಗಿ ಉಸಿರಾಡುತ್ತೇವೆ. ಆಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ತಿರುಗುವುದು ಅದರಿಂದ. ಅಂದರೆ ಗಾಬರಿಯಾದವನಿಗೆ ‘ಜೋರಾಗಿ ಉಸಿರು ಎಳಕೋ’ ಅನ್ನುವುದೇ ತಪ್ಪು ಸಲಹೆ, ಅಲ್ವಾ? ಮೂಗಿನಿಂದ ಸಾಧಾರಣವಾಗಿ ಎಳೆದುಕೊಂಡು, ಬಿಡುವಾಗ ನಿಧಾನ ಮಾಡಬೇಕು. ಗಾಬರಿ ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ತಾನಾಗಿ ಇಳಿಯುತ್ತದೆ. ನಾವು ಎದ್ದು ಓಡಿದರೆ ಅದು ಇಳಿಯುವುದನ್ನು ನೋಡುವುದೇ ಇಲ್ಲ.

ಓಡದೆ ನಿಲ್ಲುವುದನ್ನು ರೂಢಿ ಮಾಡಿಕೊಳ್ಳಬೇಕಿತ್ತು. ಕನ್ನಡಿ ಮುಂದೆ ನಿಂತು ಮಾತಾಡಿದ್ದರಿಂದ ನನಗೇನೂ ಆಗಲಿಲ್ಲ. ನನ್ನ ಹೆದರಿಕೆ ಜನರ ಕಣ್ಣಿಂದು, ಕನ್ನಡಿಯದಲ್ಲ. ಹಾಸ್ಟೆಲ್ ಗಣಪತಿಗೆ ಪಟ್ಟಿ, ಅಂದರೆ ಚಂದಾ, ಎತ್ತಿದ್ದೆವು. ಪಟ್ಟಿ ಕೊಟ್ಟವರ ಹೆಸರು ಮೈಕಿನಲ್ಲಿ ಓದುವ ಕೆಲಸ ಕೇಳಿ ತೆಗೆದುಕೊಂಡೆ. ಸ್ವಂತದ್ದು ಏನೂ ಹೇಳಬೇಕಿಲ್ಲ, ಸುಮ್ನೆ ಓದುವುದು. ನನ್ನ ದನಿ ಸ್ಪೀಕರ್‌ನಿಂದ ತಿರುಗಿ ಕೇಳಿದಾಗ ಮೊದಲು ಕಾಲು ಥರಗುಟ್ಟಿದವು. ಹಬ್ಬ ಮುಗಿಯುವಷ್ಟರಲ್ಲಿ ಗೆಳೆಯರು ‘ಲೇ, ಮೈಕ್ ಬಿಡಲೇ ಇನ್ನ!’ ಅನ್ನುತ್ತಿದ್ದರು. ಆಮೇಲೆ ಕ್ಲಾಸಿನಲ್ಲಿ ದಿನಕ್ಕೊಂದು ಪ್ರಶ್ನೆ ಕೇಳತೊಡಗಿದೆ. ಉತ್ತರ ಗೊತ್ತಿದ್ದರೂ ಕೇಳುತ್ತಿದ್ದೆ.

ಇಂಗ್ಲಿಷಿನದು ಬೇರೆಯೇ ತಲೆಬೇನೆ. ಇಡೀ ಸೆಮಿನಾರ್ ಬಾಯಿಪಾಠ ಮಾಡಿದರೆ ನಡುವೆ ಒಂದು ಪದ ಜಾರಿದರೂ ಮುಂದಿನದೆಲ್ಲ ಹೋಯಿತು. ಹಾಗಾಗಿ ಮೊದಲ ಎರಡು ವಾಕ್ಯ ಮಾತ್ರ ಬಾಯಿಪಾಠ, ಉಳಿದದ್ದಕ್ಕೆ ಪಾಯಿಂಟ್ಸ್. ನಡುನಡುವೆ ಕನ್ನಡದಲ್ಲಿ ಹೇಳಬಹುದಾ ಅಂತ ಸರ್ ಹತ್ತಿರ ಮೊದಲೇ ಕೇಳಿದೆ. ‘ತಿಳದಿದ್ದರ ಸಾಕಪಾ, ಯಾವುದರಾಗರ ಹೇಳು’ ಅಂದರು. ಇನ್ನೊಂದನ್ನೂ ಕೇಳಿದೆ: ‘ಸರ್, ಮೊದಲ್ನೇ ನಂಬರ್ ನನಗ ಕೊಡ್ರಿ.’ ಕಾಯುತ್ತ ಕೂರುವುದು ಮಾತಾಡುವುದಕ್ಕಿಂತ ಜಾಸ್ತಿ ಕಷ್ಟ.

ಸೀನಿಯರ್ ಒಬ್ಬ ಪ್ರೊಪ್ರನೊಲಾಲ್ ಮಾತ್ರೆ ಕೊಡಲು ಬಂದ. ಅದು ನಡುಕ ಕಡಿಮೆ ಮಾಡುತ್ತದೆ, ನಿಜ. ಆದರೆ ಅಸ್ತಮಾ ಇದ್ದವರಿಗೆ ಅಪಾಯ. ಡಾಕ್ಟರ್ ಬರೆದುಕೊಡದೆ ನುಂಗುವಂಥದ್ದಲ್ಲ. ನಾನು ಬೇಡ ಅಂದೆ.

ಆ ಸೆಮಿನಾರ್‌ನಲ್ಲಿ ಕೈ ನಡುಗಿತು. ನಡುಗಲಿ ಅಂತ ಬಿಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಗ್ರಾಫ್ ಬಗ್ಗೆ ಪ್ರಶ್ನೆ ಕೇಳಿದಳು. ಅದನ್ನು ವಿವರಿಸುವಾಗ ಕೈಯ ನೆನಪೇ ಇರಲಿಲ್ಲ. ಈಗಲೂ ಶುರುವಿನಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಎರಡು ವಾಕ್ಯ ದಾಟಿದರೆ ಇಳಿಯುತ್ತದೆ.

ಆಸ್ಪತ್ರೆಗೆ ಹೋಗಲು ಸಂಕೋಚ ಇದ್ದವರು 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.