ಮಗಳು ಹಾಕಿದ ನನ್ನ ಸಹಿ

ನಾನು ಸಾಗರ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಗಣಿತ ಶಿಕ್ಷಕ. ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ದಿನ ಕೈವಾರಕ್ಕಾಗಿ ಅವಳ ಚೀಲ ತಡಕಿದಾಗ, ಗಣಿತದ ಕಿರುಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂತು. 20ಕ್ಕೆ 7 ಅಂಕ. ಕೆಳಗೆ ಪೋಷಕರ ಸಹಿ ಇರಬೇಕಾದ ಜಾಗದಲ್ಲಿ ನನ್ನದೇ ಸಹಿ. ನಾನು ಒಂದೇ ಎಳೆತದಲ್ಲಿ ಮುಗಿಸುವ ಬಾಲವನ್ನು ಅವಳು ನಡುವೆ ಪೆನ್ನೆತ್ತಿ ಎರಡು ಸಲಕ್ಕೆ ಎಳೆದಿದ್ದಳು. ರಫ್ ಪುಸ್ತಕದ ಕೊನೆಯ ಪುಟದ ತುಂಬ ಅದೇ ಸಹಿಯ ಅಭ್ಯಾಸವಿತ್ತು.

ಸಿಟ್ಟು ಬಂದದ್ದು ನಿಜ. ಆದರೆ ಆ ಪುಟವನ್ನು ನೋಡುತ್ತ ಕುಳಿತಂತೆ, ಲೆಕ್ಕ ತಪ್ಪಿದಾಗಲೆಲ್ಲ ನಾನು ಅವಳಿಗೆ ಆಡಿದ ಮಾತುಗಳು ಒಂದೊಂದಾಗಿ ನೆನಪಾದವು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ತರಗತಿಯಲ್ಲಿ ಅದನ್ನು ಶ್ರದ್ಧೆಯಿಂದ ಪಾಲಿಸುತ್ತಿದ್ದ ನಾನು ಮನೆಯ ಹೊಸ್ತಿಲು ದಾಟಿದೊಡನೆ ಬೇರೆಯೇ ಮನುಷ್ಯನಾಗುತ್ತಿದ್ದೆ.

ಆ ರಾತ್ರಿ ಊಟದ ನಂತರ ಪಾತ್ರೆ ತೊಳೆಯಲು ಅವಳ ಪಕ್ಕ ನಿಂತೆ. ಎದುರು ಕೂರಿಸಿಕೊಂಡು ಕೇಳಿದರೆ ಅದು ವಿಚಾರಣೆಯಾಗುತ್ತದೆ. ಕೈಗೆ ಕೆಲಸವಿದ್ದು ಕಣ್ಣಿಗೆ ಕಣ್ಣು ಸಿಗದಿದ್ದರೆ ಮಾತು ಸಲೀಸು. ಉತ್ತರಪತ್ರಿಕೆ ನೋಡಿದೆನೆಂದೂ, ಅವಳು ಅಷ್ಟು ಹೆದರುವಂತೆ ನಡೆದುಕೊಂಡದ್ದು ನನ್ನ ತಪ್ಪೆಂದೂ ಹೇಳಿದೆ. ಅವಳು ಉತ್ತರಿಸಲಿಲ್ಲ, ಆಗಲೇ ತೊಳೆದಿದ್ದ ಕುಕ್ಕರಿನ ಮುಚ್ಚಳವನ್ನು ಮತ್ತೆ ಮತ್ತೆ ಉಜ್ಜುತ್ತಿದ್ದಳು. ಇನ್ನು ಮುಂದೆ ಅವಳು ಏನೇ ಹೇಳಿದರೂ ಆ ದಿನ ನಾನು ಬೈಯುವುದಿಲ್ಲ, ಮಾತುಕತೆ ಮರುದಿನ ಎಂದು ಮಾತು ಕೊಟ್ಟೆ. ಹಾಗೆಂದು ತಪ್ಪನ್ನು ಮುಚ್ಚಿಹಾಕಲಿಲ್ಲ. ಮರುದಿನ ಅವಳೇ ಶಿಕ್ಷಕರ ಬಳಿ ಹೋಗಿ ಸಹಿಯ ವಿಷಯ ಒಪ್ಪಿಕೊಂಡಳು, ನಾನು ಜೊತೆಗೆ ಹೋಗಿದ್ದೆ.

ಆ ಮಳೆಗಾಲದಲ್ಲೇ ನಾನು ಎಡವಿದೆ. ಗೆಳತಿಯೊಬ್ಬಳೊಂದಿಗಿನ ಮನಸ್ತಾಪವನ್ನು ಅವಳು ನನ್ನೊಬ್ಬನಿಗೇ ಹೇಳಿಕೊಂಡಿದ್ದಳು. ಮದುವೆಯೊಂದರ ಪಂಕ್ತಿಯಲ್ಲಿ ಅದನ್ನು ನನ್ನ ಅಕ್ಕನ ಮುಂದೆ ಆಡಿಬಿಟ್ಟೆ. ಅಕ್ಕ ಅಲ್ಲೇ ಅವಳಿಗೆ ಬುದ್ಧಿ ಹೇಳತೊಡಗಿದಳು. ಎರಡು ವಾರ ಮಗಳು ನನ್ನೊಡನೆ ಹೂಂ, ಊಹೂಂ ಬಿಟ್ಟು ಮಾತಾಡಲಿಲ್ಲ. ಅವಳೊಬ್ಬಳ ಮುಂದೆ ಕ್ಷಮೆ ಕೇಳಿದರೆ ಸಾಲದೆನಿಸಿತು. ಅಕ್ಕನ ಮನೆಗೆ ಅವಳನ್ನು ಕರೆದುಕೊಂಡು ಹೋಗಿ, ಅದು ಅವಳ ಮಾತು, ಹೇಳುವ ಹಕ್ಕು ನನಗಿರಲಿಲ್ಲ ಎಂದು ಇಬ್ಬರ ಎದುರೂ ಹೇಳಿದೆ. ಹಿರಿಯರ ಮುಂದೆ ಮಗಳಿಗೆ ತಂದೆ ತಪ್ಪೊಪ್ಪಿಕೊಳ್ಳುವುದು ನಮ್ಮ ಮನೆತನದಲ್ಲಿ ಕಂಡದ್ದಲ್ಲ. ಆದರೂ ನಾನು ಮಾಡಿದ ಕೆಲಸಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಅದೇ ಎಂದು ನಂಬಿದ್ದೇನೆ.

ಕೊಟ್ಟ ಮಾತಿಗೆ ನಿಜವಾದ ಪರೀಕ್ಷೆ ಮುಂದಿನ ಮಳೆಗಾಲದಲ್ಲಿ ಬಂತು. ಟ್ಯೂಷನ್ ತಪ್ಪಿಸಿ ಗೆಳತಿಯರೊಂದಿಗೆ ಮೂವತ್ತು ಕಿಲೋಮೀಟರ್ ದೂರದ ಜೋಗಕ್ಕೆ ಬಸ್ಸಿನಲ್ಲಿ ಹೋಗಿಬಂದದ್ದನ್ನು ಪಾತ್ರೆ ತೊಳೆಯುತ್ತಲೇ ಹೇಳಿದಳು. ಹೇಳದಿದ್ದರೆ ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಸುರಿಯುವ ಮಳೆ, ಪಾಚಿಗಟ್ಟಿದ ಬಂಡೆ ಕಣ್ಣ ಮುಂದೆ ಬಂದು ಕೈಯಲ್ಲಿದ್ದ ತಟ್ಟೆ ನಡುಗಿತು. "ನನಗೆ ತುಂಬ ಸಿಟ್ಟು ಬಂದಿದೆ, ನಾಳೆ ಮಾತಾಡೋಣ" ಎಂದಷ್ಟೇ ಹೇಳಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದಾಗ ಅವಳು ನನಗಿಂತ ಮೊದಲೇ ಜಗಲಿಯಲ್ಲಿ ಬಂದು ಕುಳಿತಿದ್ದಳು, ಪಕ್ಕದಲ್ಲಿ ನನಗಾಗಿ ಮಾಡಿಟ್ಟ ಕಾಫಿ ಇತ್ತು.